ಅಕ್ಕ ಓದದೆ ಬಿಟ್ಟ ಸಾಲು

ತೊಂಬತ್ತರ ದಶಕದ ಕೊನೆಯಲ್ಲಿ ನಂಜನಗೂಡಿನಲ್ಲಿ ನನ್ನದೊಂದು ಕಂಪ್ಯೂಟರ್ ಕ್ಲಾಸ್ ಇತ್ತು. ನನ್ನ ಹತ್ತಿರ ಕಲಿತ ಗೆಳೆಯನೊಬ್ಬ ಟಿ. ನರಸೀಪುರದಲ್ಲಿ ಅಂಥದ್ದೇ ಒಂದು ತೆರೆದಿದ್ದ. ಇಬ್ಬರೂ ಸೇರಿ ಶಾಲೆಗಳಿಗೆ ಅಂಕಪಟ್ಟಿ ಮುದ್ರಿಸುವ ಪ್ರೋಗ್ರಾಮ್ ಮಾಡಿದ್ದೆವು. ಒಂದೊಂದು ಶಾಲೆಗೂ ಅದನ್ನು ಬೇರೆಯಾಗಿಯೇ ಸಿದ್ಧ ಮಾಡಬೇಕಿತ್ತು. ಅದಕ್ಕೆಂದು ನಾನೊಂದು ಬಿಲ್ಡ್ ಸ್ಕ್ರಿಪ್ಟ್ ಬರೆದಿದ್ದೆ. ಬಿಲ್ಡ್ ಎಂದು ಟೈಪ್ ಮಾಡಿ ಪಕ್ಕದಲ್ಲಿ ಶಾಲೆಯ ಹೆಸರು ಕೊಡಬೇಕು. ಅದು ಆರ್ಗ್ಯುಮೆಂಟ್, ಪ್ರತಿ ಸಲ ನಾವೇ ಹೇಳಬೇಕಾದ್ದು. ಫೈಲುಗಳು ಯಾವ ಫೋಲ್ಡರಿನಲ್ಲಿವೆ ಅನ್ನುವುದನ್ನು ಮಾತ್ರ ಹೇಳಬೇಕಿರಲಿಲ್ಲ. ಅದು ಎನ್ವಿರಾನ್‌ಮೆಂಟ್ ವೇರಿಯಬಲ್. ಒಮ್ಮೆ ಬರೆದಿಟ್ಟರೆ ಮೆಷಿನ್ ಆನ್ ಆದಾಗಲೆಲ್ಲ ತಾನೇ ನೆನಪು ಮಾಡಿಕೊಳ್ಳುತ್ತಿತ್ತು.

ಗೆಳೆಯ ಜಾಂಡೀಸ್ ಆಗಿ ತೀರಿಕೊಂಡ. ಕ್ಲಾಸನ್ನು ಅವನ ಹೆಂಡತಿ ನಡೆಸತೊಡಗಿದರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಅವರು ಗಂಡನ ಹಾಗೆಯೇ ನನ್ನನ್ನು ಸಾ ಅನ್ನುತ್ತಿದ್ದರು. ಆ ಮಾರ್ಚಿನಲ್ಲಿ ಅವರ ಮೆಷಿನ್ನಿನ ಡಿ ಡ್ರೈವ್ ಕೈಕೊಟ್ಟಿತು. ಫ್ಲಾಪಿಗಳಲ್ಲಿದ್ದದ್ದನ್ನೆಲ್ಲ ಸಿ ಡ್ರೈವಿಗೆ ತುಂಬಿಕೊಂಡರು. ಆದರೂ ಬಿಲ್ಡ್ ಆಗಲಿಲ್ಲ. ಸೋಮವಾರ ಅಂಕಪಟ್ಟಿ ಕೊಡದಿದ್ದರೆ ಇದ್ದ ಒಂದು ಶಾಲೆಯೂ ಮೈಸೂರಿನ ಕಂಪ್ಯೂಟರಿನವರ ಪಾಲಾಗುತ್ತಿತ್ತು, ಕ್ಲಾಸಿಗೆ ಬೀಗ ಬೀಳುತ್ತಿತ್ತು.

ಸೆಟ್ ಎಂದು ಟೈಪ್ ಮಾಡಿ, ಮೆಷಿನ್ ನೆನಪಿಟ್ಟುಕೊಂಡದ್ದೆಲ್ಲ ಬರುತ್ತದೆ, ಆ ಸಾಲುಗಳನ್ನೆಲ್ಲ ಓದಿ ಎಂದು ಫೋನಿನಲ್ಲಿ ಹೇಳಿದೆ. ಓದಿದರು. ಫೋಲ್ಡರಿನ ಸಾಲು ಮಾತ್ರ ಬರಲಿಲ್ಲ. ಇಲ್ಲವೇ ಎಂದು ಕೇಳಿದರೆ, ಇದೆ, ಅವರು ಬರೆದ ಹಾಗೇ ಇದೆ ಅಂದರು. ಓದಿ ಅಂದರೆ ಮುಂದಿನ ಸಾಲಿಗೆ ಹೋದರು. ಮೂರನೇ ಸಲವೂ ಹಾಗೇ ಆದಾಗ ನನಗೆ ರೇಗಿಹೋಯಿತು. ಓದೋದಕ್ಕೂ ಬರಲ್ವಾ ಅಂತ ಕೇಳಿ ಫೋನ್ ಇಟ್ಟುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಅಕ್ಕ ಕುರ್ಚಿ ಸರಿಸಿ, ಸ್ಕ್ರೀನ್ ತೋರಿಸಿದರು. ಆ ಸಾಲಿನಲ್ಲಿದ್ದದ್ದು ಡಿ ಡ್ರೈವ್, ಅದರ ಮುಂದೆ ಗೆಳೆಯನ ಹೆಸರು. ಜಹಗೀರಿಗೆ ಇಟ್ಟ ಹಾಗೆ ಫೋಲ್ಡರಿಗೆ ತನ್ನ ಹೆಸರನ್ನೇ ಇಟ್ಟುಕೊಂಡಿದ್ದಾನೆ ಎಂದು ನಾನೇ ಅವನನ್ನು ರೇಗಿಸಿದ್ದೆ. ಮರೆತೇಬಿಟ್ಟಿದ್ದೆ.

"ಅವ್ರ ಎಸ್ರು ಸಾ. ನಾ ಎಂಗೇಳ್ಲಿ?" ಅಂದರು.

ಡಿ ಅಳಿಸಿ ಸಿ ಮಾಡಿದೆ, ಅಷ್ಟೇ. ಶಾಲೆಯ ಹೆಸರು ಕೊಟ್ಟು ಅಕ್ಕನೇ ಬಿಲ್ಡ್ ಕೊಟ್ಟರು, ಆಯಿತು. ಮಧ್ಯಾಹ್ನದ ಹೊತ್ತಿಗೆ ಪ್ರಿಂಟರ್ ಕಿರುಗುಟ್ಟತೊಡಗಿತ್ತು. ಇನ್ನು ಮುಂದೆ ಫೋನಿನಲ್ಲಿ ಓದಲು ಸುಲಭವಾಗಲಿ, ಫೋಲ್ಡರಿಗೆ ಬೇರೆ ಹೆಸರಿಡಲೇ ಎಂದು ಕೇಳಿದೆ.

"ಬ್ಯಾಡಿ ಸಾ. ಅವ್ರು ಇಟ್ಟಿದ್ದು, ಇರ್ಲಿ."

ಆಮೇಲೆ ಎಷ್ಟೋ ವರ್ಷ, ಮೆಷಿನ್ ಬದಲಾದಾಗಲೆಲ್ಲ, ಅಕ್ಕ ಫೋನ್ ಮಾಡಿ ಸಾಲುಗಳನ್ನು ಓದುತ್ತಿದ್ದರು. ಆ ಸಾಲು ಬಂದಾಗ ಸುಮ್ಮನಾಗುತ್ತಿದ್ದರು. ನಾನು ಇಲ್ಲಿಂದ ಅವನ ಹೆಸರು ಹೇಳುತ್ತಿದ್ದೆ. "ಊಂ, ಅದೇ ಸಾ" ಎಂದು ಮುಂದಿನ ಸಾಲು ಓದುತ್ತಿದ್ದರು.