ಒಂದು ಹಗ್ಗ ಗಿಡ್ಡವಿದ್ದ ತೊಟ್ಟಿಲು

ಇವತ್ತು ಬೆಳಿಗ್ಗೆ ನನಗೆ ಮೊಮ್ಮಗಳು ಹುಟ್ಟಿದಳು. ಮಸಗುಪ್ಪಿಯ ಓಣಿಗೆಲ್ಲ ಕೇಳುವಂತೆ ಅತ್ತಳು. ಹೆತ್ತ ಎರಡು ಕೂಸು ದಕ್ಕದೆ ಕಂಗೆಟ್ಟಿದ್ದ ನನ್ನ ಮಗಳು ನೀಲವ್ವ ಈಗ ನಗುತ್ತ ಮಲಗಿದ್ದಾಳೆ. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ದೆವ್ವ, ಸೂಚನೆ ಎಂದವರನ್ನು ನಕ್ಕು ಕಳಿಸುತ್ತಿದ್ದವಳು ನಾನು. ಈಗ ಹಾಗೆ ನಗಲು ಬಾಯಿ ಬರುವುದಿಲ್ಲ.

ಪ್ಲೇಗು ಬಂದು ಊರು ಹೊಲದ ಗುಡಿಸಲುಗಳಿಗೆ ಹೋದಾಗ ಈ ಮನೆತನದ ಹಿರಿಯರೆಲ್ಲ ತೀರಿದರಂತೆ. ಯಾರು ಯಾರಿಗೆ ಏನಾಗಬೇಕು ಎಂದು ಹೇಳುವವರೇ ಉಳಿಯಲಿಲ್ಲ. ಅಕ್ಷರ ಯಾರಿಗೂ ಬಾರದು. ನಾನು ಕಲಿತ ನಾಲ್ಕಕ್ಷರ ಆಮೇಲಿನದು. ಆಗ ನನ್ನ ಅತ್ತೆ ಸುಣ್ಣದಲ್ಲಿ ಬೆರಳದ್ದಿ ಗೋಡೆಗೆ ಗುರುತು ಬರೆಯತೊಡಗಿದಳು. ಬಾವಿ ತೋಡಿದ ಮುತ್ಯಾನಿಗೆ ಸಲಿಕೆ, ಸೂಲಗಿತ್ತಿ ಆಯಿಗೆ ಹೊಕ್ಕುಳಬಳ್ಳಿ ಕೊಯ್ಯುವ ಕುಡಗೋಲು, ಹುಟ್ಟಿದ ಕೂಸಿಗೆ ತೊಟ್ಟಿಲು. "ಬಾಯಾಗಿನ ಮಾತು ಮಂದಿ ಕೂಡ ಹೋಗ್ತೈತಿ. ಗ್ವಾಡಿ ಎಲ್ಲಿ ಹೋಗ್ತೈತಿ?" ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ ಕೆಮ್ಮಣ್ಣು ಸಾರಿಸಿ ಎಲ್ಲವನ್ನೂ ಮತ್ತೆ ಬರೆಯಬೇಕು. ಆದರೆ ಕೂಸಿನ ಅಳು ಕೇಳುವ ಮೊದಲು ತೊಟ್ಟಿಲು ಬರೆಯಬಾರದು.

ಅತ್ತೆ ಬರೆದ ತೊಟ್ಟಿಲಿಗೆ ಒಂದು ಹಗ್ಗ ಗಿಡ್ಡ. ಗುಡಿಸಲಿನ ಬಾಜೂ ಮರದ ಓರೆ ಟೊಂಗೆಗೆ ಕಟ್ಟಿದ್ದ ತೊಟ್ಟಿಲು ಹಾಗೇ ಇತ್ತಂತೆ. ಅದರಲ್ಲಿ ಮಲಗಿದ ಕೂಸು ನನ್ನ ನಾದಿನಿ ಗಂಗವ್ವ. ಇದೆಲ್ಲ ಗಂಗವ್ವನೇ ಆಮೇಲೆ ಹೇಳಿದ್ದು. ಆಗ ತಿಳಿಯದೆ, ಅತ್ತೆ ಸತ್ತ ಮೇಲೆ ನಾನು ಹಗ್ಗಗಳನ್ನು ಸಮ ಮಾಡಿ ಬರೆಯುತ್ತ ಬಂದೆ.

ಹೋದ ದೀಪಾವಳಿಗೆ ನೀಲವ್ವ ಬಸುರಿಯಾಗಿ ಬಂದಿದ್ದಳು. ಗೋಡೆ ಸಾರಿಸಿ ನಾನು ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಒಳಗೆ ತುಕ್ಕಾನಟ್ಟಿಯಿಂದ ಬಂದ ಗಂಗವ್ವ ಒಬ್ಬಳೇ ಮಲಗಿದ್ದಳು. ಎದ್ದು ಹೋಗಿ ನೋಡಿದರೆ ಹಸಿ ಗೋಡೆಯ ಮೇಲೆ ಒಂದೇ ಒಂದು ತೊಟ್ಟಿಲು. ಒಂದು ಹಗ್ಗ ಗಿಡ್ಡ.

"ಕೈ ತೋರಸ, ಗಂಗವ್ವ."

"ಯಾಕ್ರಿ ವೈನಿ, ಭವಿಷ್ಯ ಹೇಳ್ತೀರೇನು?"

ಉಗುರಲ್ಲಿ ಸುಣ್ಣವಿರಲಿಲ್ಲ. ಸುಣ್ಣದ ಗಡಿಗೆ ಒಣಗಿ ಕಲ್ಲಾಗಿತ್ತು.

"ನನ್ನ ಮಗಳ ಬಸರಿಗೆ ಕಣ್ಣ ಹಾಕಿದಿ," ಎಂದೆ.

"ನಿಮ್ಮ ಸಂಶಯಕ್ಕ ಔಷಧ ಇಲ್ರಿ. ಬ್ಯಾಡಾದ್ರ ಒರಸ್ರಿ."

ಒದ್ದೆ ಅರಿವೆ ಹಿಡಿದು ಹೋದೆ. ಹಿತ್ತಲಿನಿಂದ ಬಂದ ನೀಲವ್ವ ನನ್ನ ಕೈ ಹಿಡಿದಳು. "ಇರ್ಲಿ ಬಿಡ ಯವ್ವಾ. ಯಾರೋ ನನ್ನ ಕೂಸಿಗೆ ಜಾಗಾ ಹಿಡದಾರ."

ಅಂದಿನಿಂದ ಗಂಗವ್ವ ಬಂದಾಗಲೆಲ್ಲ ನನ್ನ ಕಣ್ಣು ಅವಳ ಕೈಮೇಲೆ. ಅವಳಲ್ಲದಿದ್ದರೆ ಯಾರು? ಯೋಚಿಸಿದಷ್ಟೂ ತಿಳಿಯದು. ಇವತ್ತು ಬರೆಯಲೆಂದು ಹೊಸ ಸುಣ್ಣ ಕಲಸಿದ್ದೆ. ತೊಟ್ಟಿಲು ಆಗಲೇ ಗೋಡೆಯ ಮೇಲಿತ್ತು, ಸುಣ್ಣ ಹಾಗೇ ಉಳಿಯಿತು.

ಸಂಜೆ ಮನೆಮಂದಿಯೆಲ್ಲ ಆ ಗೋಡೆಯ ಕೆಳಗೇ ಉಣ್ಣಲು ಕೂತೆವು. ಗಂಗವ್ವ ಎರಡೂ ಕೈ ಎತ್ತಿ, "ನೋಡ್ಕೋರಿ ವೈನಿ, ಆಮ್ಯಾಲೆ ಹುಗ್ಗಿ ಹತ್ತತೈತಿ," ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹುಗ್ಗಿಯನ್ನು ಮೊದಲು ಅವಳ ಗಂಗಾಳಕ್ಕೇ ಬಡಿಸಿದೆ, ಉಗುರು ನೋಡುತ್ತಲೇ.