ನೂರಾ ಹನ್ನೆರಡನೆಯ ಪುಟ ಬರೆದವಳು

‘ಏಳು ಮಡುವಿನ ರಾಣಿ’ ಕಾದಂಬರಿಯ ನೂರಾ ಹನ್ನೆರಡನೆಯ ಪುಟ ನಾನು ಬರೆದದ್ದಲ್ಲ. ಯಾವ ಪುಟ ಓದಿ ನೀವೆಲ್ಲ ನನಗೆ ಫೋನ್ ಮಾಡಿದಿರೋ, ಯಾವುದನ್ನು ಶಾಲೆಯ ಮಕ್ಕಳು ವೇದಿಕೆಯ ಮೇಲೆ ಆಡಿ ತೋರಿಸಿದರೋ, ಯಾವುದನ್ನು ಹೊಗಳಿ ನನಗೆ ಶಾಲು ಹೊದಿಸಿದರೋ — ಅದೇ ಪುಟ. ಬರೆದವಳು ಹುಲಿಗೆಮ್ಮ. ರಾಯಚೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಕೈಬರಹವನ್ನು ಟೈಪ್ ಮಾಡುತ್ತಿದ್ದ ಹುಡುಗಿ. ಒಂಬತ್ತು ವರ್ಷ ಈ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದೆ.

ಈ ಅಂಕಣ ಓದುವವರಿಗೆ ನನ್ನ ಚಾಳಿ ಗೊತ್ತು. ಮೊದಲು ನನ್ನ ಗೋಳು — ರಾಯಚೂರಿನ ಬಿಸಿಲು, ಹೋದ ಕರೆಂಟು, ಕೈ ಮಾಡಿದರೂ ನಿಲ್ಲದ ದೇವದುರ್ಗದ ಬಸ್ಸು. ಆಮೇಲೆ ಈ ವಾರ ಏನು ಓದಬೇಕು, ಏನು ನೋಡಬೇಕು ಎಂಬ ಪಟ್ಟಿ. ಮಾಯಾಲೋಕದ ಕಾದಂಬರಿ ಬರೆಯುವವನು, ಇವನಿಗೆ ಎಲ್ಲ ಲೋಕದ ಸುದ್ದಿಯೂ ಗೊತ್ತಿರಬೇಕು ಎಂದು ನೀವು ನಂಬಿದಿರಿ. ನಾನು ಶಿಫಾರಸು ಮಾಡಿದ ಸೀರೀಸುಗಳಲ್ಲಿ ಅರ್ಧವನ್ನು ನಾನೇ ಪೂರ್ತಿ ನೋಡಿಲ್ಲ. ಹೋದ ತಿಂಗಳು ಚಂದ್ರಬಂಡದಿಂದ ಒಬ್ಬ ಓದುಗರು ಫೋನ್ ಮಾಡಿದ್ದರು: “ಸರ್, ನೀವ್ ಹೇಳೀರಂತ ನೋಡಾಕ ಕುಂತೆ, ಎರಡನೇ ಭಾಗದಾಗ ನಿದ್ದಿ ಬಂತ್ರಿ. ನಿಮಗ ಬರಲಿಲ್ಲೇನ್ರಿ?” ನನಗೂ ಬಂದಿತ್ತು ಸ್ವಾಮಿ, ಮೊದಲನೆಯ ಭಾಗದಲ್ಲೇ ಬಂದಿತ್ತು. ಹೇಳುವ ಧೈರ್ಯ ಇರಲಿಲ್ಲ.

ಥೂ, ಮತ್ತೆ ಸುತ್ತು ಹಾಕುತ್ತಿದ್ದೇನೆ. ಹುಲಿಗೆಮ್ಮನ ಮಾತಿಗೆ ಬರುತ್ತೇನೆ.

ಆಗ ನಾನು ದೇವದುರ್ಗದಲ್ಲಿ ಹೈಸ್ಕೂಲು ಮಾಸ್ತರ. ಬರೆಯುತ್ತಿದ್ದುದು ಶಾಲೆಗೆ ಬಂದ ಸುತ್ತೋಲೆಗಳ ಹಿಂಬದಿಯಲ್ಲಿ. ಒಂದೊಂದು ಸುತ್ತೋಲೆ ನಾಲ್ಕು ನಾಲ್ಕು ಪ್ರತಿ ಬರುತ್ತಿತ್ತು. ಒಂದನ್ನು ಫೈಲಿಗೆ ಹಾಕಿ ಉಳಿದವನ್ನು ನಾನು ಎತ್ತಿಟ್ಟುಕೊಳ್ಳುತ್ತಿದ್ದೆ. ಮುಂದೆ ಇಲಾಖೆಯ ಆದೇಶ, ಹಿಂದೆ ನನ್ನ ರಾಕ್ಷಸರು. ಐವತ್ತು ಹಾಳೆ ಆದಾಗೊಮ್ಮೆ ಕಟ್ಟು ಕಟ್ಟಿ ರಾಯಚೂರಿಗೆ ಒಯ್ದು ಹುಲಿಗೆಮ್ಮನ ಮೇಜಿನ ಮೇಲಿಡುತ್ತಿದ್ದೆ. ಅವಳು ಮಾನ್ವಿ ಕಡೆಯ ಕುರ್ಡಿಯವಳು. ತಾಯಿ ರೈಸ್ ಮಿಲ್ಲಿನಲ್ಲಿ ಕೂಲಿ. ದಿನಾ ಬಸ್ಸಿಗೆ ಬಂದು, ನನ್ನ ಕಾಗೆ ಕಾಲಿನ ಅಕ್ಷರವನ್ನು ನನಗಿಂತ ಚೆನ್ನಾಗಿ ಓದುತ್ತಿದ್ದಳು. ಎಷ್ಟೋ ಸಲ ಫೋನ್ ಮಾಡಿ, “ಸರ್, ರಾಣಿ ಮೂರನೇ ಮಡುವಿನಾಗ ಕುದುರಿ ಬಿಟ್ಟು ಬಂದಾಳ್ರಿ, ಐದರಾಗ ಮತ್ತ ಕುದುರಿ ಹತ್ಯಾಳ. ಎಲ್ಲಿಂದ ಬಂತ್ರಿ ಅದು?” ಎಂದು ಕೇಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಟೈಪ್ ಮಾಡುವವಳು ಟೈಪ್ ಮಾಡಲಿ, ಇವಳಿಗೇಕೆ ಕುದುರೆಯ ಉಸಾಬರಿ!

ಕೊನೆಯ ಕಟ್ಟಿನಲ್ಲಿ ಎಂಬತ್ತೇಳನೆಯ ಹಾಳೆ ಇರಲಿಲ್ಲ. ಎಲ್ಲಿ ಹೋಯಿತೆಂದು ನನಗೆ ಗೊತ್ತೂ ಆಗಲಿಲ್ಲ. ಅವಳು ಮೂರು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ — ಅಂಕಣಕ್ಕೆಂದು ಹತ್ತು ಭಾಗದ ಒಂದು ಸೀರೀಸ್ ನೋಡುತ್ತ ಕೂತಿದ್ದೆ. ಪ್ರೆಸ್ಸಿನವರು ಅವಳ ತಲೆಯ ಮೇಲೆ ಕೂತಿದ್ದರು. ಅವಳೇನು ಮಾಡಿದಳು? ಮುಂದಿನ ಹಾಳೆಗೆ ಕೊಂಡಿ ಹತ್ತುವ ಹಾಗೆ ನಡುವಿನದನ್ನು ತಾನೇ ಬರೆದಳು. ಬಚ್ಚಿಡಲಿಲ್ಲ. ಪ್ರೂಫಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದಳು: “ಸರ್, 87ನೇ ಹಾಳಿ ಬಂದಿಲ್ಲ. ಸುಮ್ನ ಜಾಗಕ್ಕಂತ ನಾನು ಬರ್ದೀನಿ. ನಿಮ್ಮದು ಕಳಿಸ್ರಿ, ಇದನ್ನ ತೆಗೀತೀನಿ.”

ಆ ಪ್ರೂಫನ್ನು ನಾನು ದೇವದುರ್ಗದ ಪಕ್ಕದ ಜಾಲಹಳ್ಳಿಗೆ ಅವ್ವನನ್ನು ನೋಡಲು ಹೋಗುವಾಗ ಬಸ್ಸಿನಲ್ಲಿ ‘ತಿದ್ದಿದೆ’. ತಿದ್ದುವುದೆಂದರೆ ಏನು — ಪ್ರತಿ ಪುಟದ ಕೆಳಗೆ ‘ಸರಿ ಇದೆ’ ಎಂದು ಬರೆದು ಸಹಿ. ಒಂದು ಪುಟವನ್ನೂ ಓದಲಿಲ್ಲ. ಅವಳ ಪೆನ್ಸಿಲ್ ಬರಹದ ಪಕ್ಕದಲ್ಲೂ ‘ಸರಿ ಇದೆ’.

ಪುಸ್ತಕ ಬಂತು. ಆ ಪುಟದಲ್ಲಿ ಏನಿದೆ ಎಂದು ಓದದವರಿಗೆ ಹೇಳುತ್ತೇನೆ. ಕೃಷ್ಣೆಯ ತಳದ ಏಳು ಮಡುಗಳನ್ನು ದಾಟಿ, ಗಂಡನನ್ನೂ ಸೈನ್ಯವನ್ನೂ ಕಳೆದುಕೊಂಡು, ರಾಣಿ ಕೊನೆಯ ಬಾಗಿಲಿಗೆ ಬರುತ್ತಾಳೆ. ಅಲ್ಲಿ ಕಾವಲಿಗೆ ಒಂದು ಭೂತ. ಕತ್ತಿ ಎತ್ತಿದ ರಾಣಿಯನ್ನು ಅದು ಮೇಲಿಂದ ಕೆಳಗೆ ನೋಡುತ್ತದೆ. ಗುರುತಿನ ಮಾತು ಕೇಳುವುದಿಲ್ಲ, ಕುಲ ಕೇಳುವುದಿಲ್ಲ. “ಉಂಡೀಯೇನವಾ?” ಎಂದು ಕೇಳುತ್ತದೆ. ಏಳು ಮಡುವಿನಲ್ಲಿ ಒಬ್ಬರೂ ಕೇಳದ ಮಾತು. ರಾಣಿ ಕತ್ತಿ ಬಿಟ್ಟು ಬಾಗಿಲಲ್ಲೇ ಕುಸಿದು ಅಳುತ್ತಾಳೆ.

ಮೊದಲ ಫೋನ್ ಬಂದಾಗ ನನಗೆ ಅರ್ಥವೇ ಆಗಲಿಲ್ಲ. ಯಾವ ಭೂತ, ಯಾವ ಊಟ? ಪುಸ್ತಕ ತೆಗೆದು ಓದಿದೆ. ಓದಿ — ಏನು ಹೇಳಲಿ, ನನ್ನ ಕಣ್ಣಲ್ಲೂ ನೀರು ಬಂತು. ಮರುಗಳಿಗೆಯಲ್ಲೇ ಹೊಟ್ಟೆ ಉರಿಯಿತು. ಅವಳಿಗೆ ಫೋನ್ ಮಾಡಿ “ಇದೇನು?” ಎಂದು ಕೇಳಬಹುದಿತ್ತು. ಅಚ್ಚಾದ ಮೇಲೆ ಪ್ರೆಸ್ಸಿನವರು ವಾಪಸು ಕೊಟ್ಟಿದ್ದ ಪ್ರೂಫು ನನ್ನ ಚೀಲದಲ್ಲೇ ಇತ್ತು, ತೆಗೆದು ನೋಡಿದೆ, ಪೆನ್ಸಿಲ್ ಬರಹ, ಪಕ್ಕದಲ್ಲಿ ನನ್ನ ಸಹಿ. ಮತ್ತೆ ಚೀಲಕ್ಕೆ ತುರುಕಿದೆ. ಅಷ್ಟರಲ್ಲಿ ಇನ್ನೊಂದು ಫೋನ್ ಬಂತು, “ಅದ್ಭುತ ಸರ್” ಎಂದರು, ನಾನು “ಹೌದಾ, ಸಂತೋಷ” ಎಂದೆ. ಕಳ್ಳತನ ಆದದ್ದು ಅಲ್ಲಿ. ಎರಡೇ ಎರಡು ಶಬ್ದದಲ್ಲಿ.

ಕಳೆದುಹೋದ ಹಾಳೆ ಆರು ತಿಂಗಳ ಮೇಲೆ ಸಿಕ್ಕಿತು. ಮುಂಬದಿಯ ಸುತ್ತೋಲೆ ಮುಖ್ಯವಾದದ್ದೆಂದು ನಮ್ಮ ಶಾಲೆಯ ಗುಮಾಸ್ತರು ಅದನ್ನು ನನ್ನ ಕಟ್ಟಿನಿಂದ ತೆಗೆದು ಫೈಲಿಗೆ ಹಾಕಿದ್ದರು. ಹಿಂದೆ ತಿರುಗಿಸಿ ನನ್ನದನ್ನು ಓದಿದೆ. ನನ್ನ ರಾಣಿ ಭೂತವನ್ನು ಹನ್ನೊಂದು ಸಾಲಿನಲ್ಲಿ ಕಡಿದು ಹಾಕಿದ್ದಳು. ಮೂರು ಕಡೆ ಆಶ್ಚರ್ಯಸೂಚಕ ಚಿಹ್ನೆ. ಹಾಳೆಯನ್ನು ಚೂರು ಚೂರು ಹರಿದು ಶಾಲೆಯ ಬಾವಿಯ ಹಿಂದಿನ ಕಸದಲ್ಲಿ ಬೆಂಕಿಗೆ ಹಾಕಿದೆ. ಸರ್ಕಾರಿ ಕಾಗದ ಸುಟ್ಟೆನೆಂಬ ಹೆದರಿಕೆ ಆ ದಿನವೆಲ್ಲ ಇತ್ತು. ಇನ್ನೊಂದರ ಹೆದರಿಕೆ ಇರಲಿಲ್ಲ ನೋಡಿ!

ರಾಯಚೂರಿನಲ್ಲಿ ಸನ್ಮಾನವಾಯಿತು. ಸಭೆಯಲ್ಲಿ ಯಾರೋ ಕೇಳಿದರು, ಆ ಮಾತು ನಿಮಗೆ ಹೇಗೆ ಹೊಳೆಯಿತು? ನಾನು ಗಂಟಲು ಸರಿ ಮಾಡಿಕೊಂಡು, “ಅದು ನಮ್ಮವ್ವನ ಮಾತು. ಮನೆಗೆ ಯಾರೇ ಬರಲಿ, ಅವಳು ಮೊದಲು ಕೇಳುವುದು ಅದನ್ನೇ” ಎಂದೆ. ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅವ್ವ ಕೂತಿದ್ದಳು. ವಾಪಸು ಹೋಗುವಾಗ ಆಟೋದಲ್ಲಿ ನನ್ನ ಕಡೆ ತಿರುಗಿದಳು. “ಲೇ, ನಾ ಯಾವಾಗ ಕೇಳೀನಿ ಹಂಗ? ಏಳು ಮಂದಿ ಮಕ್ಕಳನ್ನ ಹಡದಾಕಿ, ಯಾರ ಬಂದ್ರೂ ‘ಯಾಕ ಬಂದಿ’ ಅಂತ ಕೇಳ್ತೀನಿ ನಾ. ಸುಳ್ಳ ಯಾಕ ಹೇಳಿದಿ ಮಂದಿ ಮುಂದ?” ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಆ ಸಭೆಯ ಕೊನೆಯ ಸಾಲಿನಲ್ಲಿ ಹುಲಿಗೆಮ್ಮನೂ ಇದ್ದಳು. ಅರ್ಧ ದಿನ ರಜೆ ಕೇಳಿಕೊಂಡು ಬಂದಿದ್ದಳಂತೆ.

ಇಷ್ಟೇ ಆಗಿದ್ದರೆ ಒಂದು ಪುಟದ ಕಳ್ಳತನ. ನನ್ನ ನಿಜವಾದ ತಪ್ಪು ಇದರ ಮುಂದಿನದು. ಒಂದು ವಾರದ ನಂತರ ಅವಳು ನನಗೆ ಒಂದು ನೋಟ್‌ಬುಕ್ ಕೊಟ್ಟಳು, ಇನ್ನೂರು ಪುಟದ್ದು, ಅರ್ಧ ತುಂಬಿತ್ತು. ಪುಟದ ವಿಷಯ ಎತ್ತಲೇ ಇಲ್ಲ. “ನಾನೂ ಒಂದ್ ಕತಿ ಬರ್ಯಾಕತ್ತೀನ್ರಿ ಸರ್. ಓದಿ ಹೆಂಗದ ಹೇಳ್ರಿ. ಚಲೋ ಇದ್ರ ನಿಮ್ಮ ಪೇಪರಿನಾಗ ಒಂದ್ ಸಾಲು ಬರೀರಿ, ಯಾರಾರ ಅಚ್ಚು ಹಾಕಬಹುದು” ಎಂದಳು. ನೆಲ ನೋಡುತ್ತ ಹೇಳಿದಳು.

ಓದಿದೆ. ಅದನ್ನು ಮಾತ್ರ ಪೂರ್ತಿ ಓದಿದೆ. ರೈಸ್ ಮಿಲ್ಲಿನ ಹಿಂದಿನ ಹೊಟ್ಟಿನ ಗುಡ್ಡದಲ್ಲಿ ಒಂದು ಭೂತ ಇರುತ್ತದೆ. ಕೂಲಿಗೆ ಬರುವ ಹೆಂಗಸರನ್ನು ಮಿಲ್ಲಿನವರು ‘ಏ’ ಎಂದು ಕರೆಯುತ್ತಾರೆ, ಹಾಜರಿ ಪುಸ್ತಕದಲ್ಲಿ ಬರೀ ಗೆರೆ ಎಳೆಯುತ್ತಾರೆ. ಭೂತ ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು ಕೇಳಿ ನೆನಪಿಟ್ಟುಕೊಳ್ಳುತ್ತದೆ. ಹೆಸರು ಹೇಳಿದವರ ತಲೆಯ ಮೇಲಿನ ಮೂಟೆ ಹಗುರಾಗುತ್ತದೆ. ಇಪ್ಪತ್ತು ವರ್ಷ ಕೊಂಬು, ಕೋರೆಹಲ್ಲು ಅಂಟಿಸಿ ನಾನು ಮಾಡಿದ ಭೂತಗಳೆಲ್ಲ ಅದರ ಮುಂದೆ ಬೊಂಬೆಗಳು. ಮತ್ತು — ಇದನ್ನು ಬರೆಯಲು ಕೈ ಬರುತ್ತಿಲ್ಲ — ಅದು ಅಚ್ಚಾದರೆ ನೂರಾ ಹನ್ನೆರಡನೆಯ ಪುಟ ಯಾರದೆಂದು ಓದಿದವರಿಗೆಲ್ಲ ಗೊತ್ತಾಗುತ್ತಿತ್ತು. ಅದೇ ದನಿ. ಅಡಗಿಸಲು ಆಗದ ದನಿ.

ನೋಟ್‌ಬುಕ್ಕನ್ನು ಅವಳ ಮೇಜಿನ ಮೇಲಿಟ್ಟು ಹೇಳಿದೆ: “ನೋಡವಾ ಹುಲಿಗೆಮ್ಮ, ಇದು ಅಜ್ಜಿ ಕತಿ ಆತು. ಇದಕ್ಕ ಸಾಹಿತ್ಯ ಅನ್ನಂಗಿಲ್ಲ. ನಿನ್ನ ಟೈಪಿಂಗ್ ಭಾಳ ಚಲೋ ಅದ. ಅದನ್ನ ಮಾಡು.”

“ಹೌದೇನ್ರಿ?” ಎಂದಳು. ಒಂದು ಸಲ, ಅಷ್ಟೇ. ನೋಟ್‌ಬುಕ್ಕನ್ನು ಕೀಲಿಮಣೆಯ ಕೆಳಗೆ ಸರಿಸಿ, ನನ್ನ ಹೊಸ ಹಾಳೆಗಳ ಕಟ್ಟು ಬಿಚ್ಚಿದಳು. ಅದೇ ವಾರ ಈ ಅಂಕಣದಲ್ಲಿ ಐದು ಶಿಫಾರಸು ಬರೆದೆ. ಒಂದೂ ನೆನಪಿಲ್ಲ.

ಕೆಲವು ತಿಂಗಳಲ್ಲಿ ಅವಳು ಆ ಅಂಗಡಿ ಬಿಟ್ಟಳು. ನಾನು ಬೇರೆ ಅಂಗಡಿ ಹಿಡಿದೆ. ನಂತರದ ನನ್ನ ಎರಡು ಕಾದಂಬರಿಗಳಲ್ಲಿ ಕುದುರೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಆ ಎರಡನ್ನೂ ನೀವು ಓದಲೂ ಇಲ್ಲ, ಸರಿ ಮಾಡಿದಿರಿ.

ಈಗ ನನಗೆ ಮಾನ್ವಿಗೆ ವರ್ಗವಾಗಿದೆ. ಹೋದ ತಿಂಗಳು ಮಗಳ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಇಲ್ಲಿಯ ಒಂದು ಆನ್‌ಲೈನ್ ಅರ್ಜಿ ಕೇಂದ್ರಕ್ಕೆ ಹೋದೆ. ಬೆಳಗ್ಗೆ ಹನ್ನೊಂದಕ್ಕೇ ಮೈ ಸುಡುವ ಬಿಸಿಲು, ಒಳಗೆ ನಲವತ್ತು ಜನ, ಸರ್ವರ್ ಇಲ್ಲ. ಬಾಗಿಲ ಹತ್ತಿರದ ಡಬ್ಬಿಯಿಂದ ಒಂದು ಚೀಟಿ ತೆಗೆದುಕೊಳ್ಳಬೇಕು, ಅದೇ ಟೋಕನ್. ನನಗೆ ಇಪ್ಪತ್ತಮೂರು ಬಂತು. ಸಿಡಿಮಿಡಿ ಮಾಡುತ್ತ, ಈ ಸರ್ವರ್ ಬಗ್ಗೆಯೇ ಮುಂದಿನ ಅಂಕಣ ಬರೆಯುತ್ತೇನೆ ಎಂದುಕೊಳ್ಳುತ್ತ, ಚೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದೆ. ಹಿಂದೆ ನೀಲಿ ಶಾಯಿಯ ಕೈಬರಹ. ಅರ್ಧ ಸಾಲು: “ನಿನ್ನ ಹೆಸರೇನವಾ ಅಂತ ಭೂತ ಕೇಳಿದಾಗ ಅವ್ವಗ ತನ್ನ ಹೆಸರು ನೆನಪಿಗೆ” — ಅಲ್ಲಿಗೆ ಕತ್ತರಿ ಬಿದ್ದಿತ್ತು.

ತಲೆ ಎತ್ತಿ ನೋಡಿದೆ. ಕೌಂಟರಿನ ಹಿಂದೆ ಕೂತಿದ್ದವಳು ಅವಳೇ. ಕನ್ನಡಕ ಬಂದಿದೆ. ಇಪ್ಪತ್ತಮೂರು ಕೂಗಿದಳು, ನನ್ನನ್ನು ನೋಡಿ ಎದ್ದು ನಿಂತಳು.

“ಅಯ್ಯ, ಸರ್! ಬರ್ರಿ, ಬರ್ರಿ. ಒಳಗ ಬಂದು ಕುಂದರ್ರಿ. ಚಾ ತರಸ್ಲೇನ್ರಿ?”

ನಾನು ಚೀಟಿ ಮುಂದೆ ಹಿಡಿದೆ. “ಇದು... ಆ ನೋಟ್‌ಬುಕ್ಕಿನದಲ್ಲವೇನು?”

“ಹೌದ್ರಿ. ಒಂದ್ ಬಗಲ ಖಾಲಿ ಇತ್ತು. ಸುಮ್ನ ಯಾಕ ಬಿಸಾಡಬೇಕಂತ ಕತ್ತರಿಸಿ ಟೋಕನ್ ಮಾಡೀನ್ರಿ. ಇನ್ನೇನ್ ಮುಗ್ಯಾಕ ಬಂತು.”

“ಬರೆಯೋದು?”

“ಬಿಟ್ಟೆನ್ರಿ. ನೀವ ಹೇಳಿದ್ರಲ್ಲ.” ಚುಚ್ಚುವ ದನಿಯಲ್ಲ ಅದು. ಡಾಕ್ಟರು ಹೇಳಿದರೆಂದು ಉಪ್ಪು ಬಿಟ್ಟವರು ಹೇಳುವ ಹಾಗೆ ಹೇಳಿದಳು.

ಅಷ್ಟರಲ್ಲಿ ಸರ್ವರ್ ಬಂದಿತ್ತು, ಮಗಳ ಅರ್ಜಿ ತುಂಬಿದಳು. ಪ್ರಿಂಟ್ ತೆಗೆದಳು. ನಾನು ಏಳುವಾಗ, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಹೇಳಿದಳು: “ಸರ್, ಬುಕ್ಕು ಎರಡನೇ ಸಲ ಅಚ್ಚಾಗಾಕತ್ತದಂತ ಪೇಪರಿನಾಗ ಓದಿದೆ. ಆ ಪುಟದಾಗ ಒಂದ್ ತಪ್ಪು ಉಳದದ್ರಿ. ರಾಣಿ ಬಲಗೈಯಾಗ ದೀಪ ಹಿಡದಾಳ, ಅದ ಕೈಯಾಗ ಕತ್ತಿ ಎತ್ತಿದಳಂತ ಬರದೀನಿ. ಅವಸರದಾಗ ಆಗೇದ. ಈ ಸಲ ತಿದ್ದಿಸಿಬಿಡ್ರಿ.”

ಒಂಬತ್ತು ವರ್ಷ ಅವಳ ತಲೆಯಲ್ಲಿ ಉಳಿದದ್ದು ನನ್ನ ಮೋಸವಲ್ಲ, ರಾಣಿಯ ಕೈ. ನಾನು ಆ ಪುಟವನ್ನು ಎಷ್ಟು ವೇದಿಕೆಯಲ್ಲಿ ಓದಿಲ್ಲ! ಆ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ಬರೆದವರು ಯಾರು, ಸಹಿ ಹಾಕಿದವರು ಯಾರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಿನ್ನೆ ಮತ್ತೆ ಹೋಗಿದ್ದೆ. ಅವಳ ಕತೆ ಅಜ್ಜಿ ಕತೆಯಲ್ಲ, ನಾನು ಸುಳ್ಳು ಹೇಳಿದೆ, ಯಾಕೆ ಹೇಳಿದೆನೆಂಬುದನ್ನೂ ಹೇಳಿದೆ. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಪೇಪರಿನಲ್ಲಿ ನಿನ್ನ ಹೆಸರು ಹಾಕಲೇ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಅರ್ಜಿ ಮುಗಿಸಿ ಪ್ರಿಂಟ್ ತೆಗೆದಳು. ಆಮೇಲೆ, “ಅವತ್ತ ಹೇಳಿದ್ರ ಬರೀತಿದ್ನಲ್ರಿ ಸರ್” ಎಂದಳು. “ಹಾಕ್ರಿ” ಎಂದಳು. ನನಗೆ ಕೂರಲು ಹೇಳಲಿಲ್ಲ, ಚಹಾ ತರಿಸಲಿಲ್ಲ. ಮುಂದಿನ ಟೋಕನ್ ಕೂಗಿದಳು.

ಎರಡನೆಯ ಮುದ್ರಣದಲ್ಲಿ ಆ ಪುಟದ ಕೆಳಗೆ ಅವಳ ಹೆಸರು ಇರುತ್ತದೆ. ದೀಪ ರಾಣಿಯ ಎಡಗೈಗೆ ಹೋಗುತ್ತದೆ. ಅದರಿಂದ ಒಂಬತ್ತು ವರ್ಷ ವಾಪಸು ಬರುವುದಿಲ್ಲ, ಗೊತ್ತು.

ಈ ವಾರ ನೋಡಲು ಏನನ್ನೂ ಹೇಳುವುದಿಲ್ಲ. ಓದಲು ಒಂದೇ ಒಂದು. ಮಾನ್ವಿ, ಕುರ್ಡಿ ಕಡೆಯ ಜನ, ಈ ಎರಡು ಮೂರು ತಿಂಗಳಲ್ಲಿ ಹುಲಿಗೆಮ್ಮನ ಕೇಂದ್ರದಲ್ಲಿ ಅರ್ಜಿ ಹಾಕಿದವರು, ನಿಮ್ಮ ಜೇಬು, ಪರ್ಸು, ಫೈಲು, ಹಳೆಯ ಅರ್ಜಿಯ ನಡುವೆ ಹುಡುಕಿ. ಟೋಕನ್ ಸಿಕ್ಕರೆ ಎಸೆಯಬೇಡಿ, ಹಿಂದೆ ತಿರುಗಿಸಿ ಓದಿ. ಓದಿದ ಮೇಲೆ ನನಗಲ್ಲ, ಅವಳ ಕೌಂಟರಿಗೇ ಒಯ್ದು ಕೊಡಿ. ಇಪ್ಪತ್ತಮೂರನ್ನು ನಾನು ನಿನ್ನೆಯೇ ಕೊಟ್ಟು ಬಂದಿದ್ದೇನೆ.