ಲೆನ್ಸಿಗೆ ಅಡ್ಡ ಹಿಡಿದ ಅಂಗೈ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ಫಿಲ್ಮು ಕೆಟ್ಟರೆ ಹೀಗೇ ನಾರುತ್ತದಂತೆ. ಡಬ್ಬಿಯನ್ನು ಶಹಾಬಾದದಿಂದ ಮಾಸ್ತರ ಮಗಳು ಕಳಿಸಿಕೊಟ್ಟಿದ್ದಳು. ಮಾಸ್ತರು ತೀರಿಕೊಂಡು ಎಷ್ಟು ವರ್ಷವಾಯಿತೋ... ಕೇಳಲು ನನಗೆ ಮುಖವಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾವೂರ ಬಳಿಯ ನಮ್ಮ ತಾಂಡಾಕ್ಕೆ ಒಂದು ಸಂಸ್ಥೆಯವರು ಬಂದು, ಲಂಬಾಣಿ ಹುಡುಗ ಹುಡುಗಿಯರಿಗೆ ಸಿನಿಮಾ ತೆಗೆಯುವುದನ್ನು ಕಲಿಸುತ್ತೇವೆ ಎಂದರು. ಕಲಿಸಲು ಬಂದವರೇ ಈ ಮಾಸ್ತರು. ಶಹಾಬಾದದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಮುಸಲ್ಮಾನರು. ಬಿಳಿ ಗಡ್ಡ, ಸೈಕಲ್ಲಿಗೆ ನೇತುಹಾಕಿದ ಕ್ಯಾಮೆರಾ ಚೀಲ.

"ನಿಮ್ಮ ಕುಣಿತ ಹೊರಗಿನ ಮಂದಿ ಭಾಳ ತೆಗದಾರ. ಇನ್ನ ನಿಮ್ಮ ಪಿಚ್ಚರ ನೀವ ತೆಗೀರಿ," ಎಂದರು. ಹಾಗೆ ನಮಗೆ ಯಾರೂ ಹೇಳಿರಲಿಲ್ಲ. ನಾನು ಒಂದು ದಿನವೂ ತಪ್ಪಿಸಲಿಲ್ಲ.

ನನಗೆ ಯಾಡಿಯನ್ನು, ಅಂದರೆ ನನ್ನ ತಾಯಿಯನ್ನು ತೆಗೆಯಬೇಕಿತ್ತು. ಹಾಸುಗಲ್ಲು ತೆಗೆಯುವ ಫರಸಿ ಖಣಿಯಲ್ಲಿ ಕಲ್ಲು ಹೊರುತ್ತಿದ್ದ ಆಕೆಯದು ಒಂದೇ ಒಂದು ಫೋಟೊವೂ ಇರಲಿಲ್ಲ. ಹಿರಿಯ ಗಂಡಸರ ಮುಂದೆ ನಮ್ಮ ಹೆಂಗಸರು ಮುಸುಕು ಎಳೆದುಕೊಳ್ಳಬೇಕು. ನನ್ನ ಜೊತೆ ಖಣಿಗೆ ಬಂದ ಮಾಸ್ತರನ್ನು ಕಂಡು ಆಕೆ ಗದ್ದದ ತನಕ ಎಳೆದುಕೊಂಡಳು. ಅವರು ಕ್ಯಾಮೆರಾ ನನ್ನ ಕೈಗಿತ್ತು, ದೂರ ಹೋಗಿ, ಬೆನ್ನು ತಿರುಗಿಸಿ ಬಿಸಿಲಲ್ಲಿ ನಿಂತರು. ಯಾಡಿ ಮುಸುಕು ಸರಿಸಿ, ಮುಖದ ಧೂಳು ಒರೆಸಿಕೊಂಡು ನನ್ನನ್ನು ನೋಡಿ ನಕ್ಕಳು.

"ಆತೇನವಾ?" ಎಂದರು ಮಾಸ್ತರು, ತಿರುಗದೆ.

ಫಿಲ್ಮು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬಂತು. ಶಾಲೆಯ ಕಿಟಕಿಗಳಿಗೆ ಕೌದಿ ಕಟ್ಟಿ ಹಗಲಲ್ಲೇ ಪಿಚ್ಚರ ಹಾಕಿದರು. ಮುಂದೆ ತಾಂಡಾದ ನಾಯಕ, ನಮ್ಮಜ್ಜ, ಉಳಿದ ಹಿರಿಯರು. ಹಿಂದೆ ಮಷೀನಿನ ಪಕ್ಕ ಹೆಂಗಸರು. ಪರದೆಯ ಮೇಲೆ ನಾಯಕ ಬಂದದ್ದೇ ಸೊಸೆಯರೆಲ್ಲ ಗಕ್ಕನೆ ಮುಸುಕು ಎಳೆದುಕೊಂಡರು! ನಾನು ಬಿದ್ದು ಬಿದ್ದು ನಕ್ಕೆ. ಮುಂದಿನ ರೀಲು ನನ್ನದು, ಅಲ್ಲಿ ಯಾಡಿ ತನ್ನ ಮಾವನ, ಅಂದರೆ ನಮ್ಮಜ್ಜನ ಎದುರಿಗೇ ಬರಿಮುಖದಲ್ಲಿ ನಗುತ್ತಾಳೆ ಎಂಬುದು ಈ ದಡ್ಡಿಗೆ ಹೊಳೆಯಲೇ ಇಲ್ಲ.

ಖಣಿ ಬಂತು. ಪರದೆಯಲ್ಲಿ ಯಾಡಿಯ ಕೈ ಮುಸುಕಿಗೆ ಹೋಯಿತು.

"ಮಾಸ್ತರ್, ಬ್ಯಾಡ್ರಿ..." ಹಿಂದಿನಿಂದ ಯಾಡಿಯ ಸಣ್ಣ ದನಿ. ಅವರೊಂದಿಗೆ ಆಕೆ ಆಡಿದ ಮಾತು ಅದೊಂದೇ.

ಪರದೆ ಕತ್ತಲಾಯಿತು. ಮಾಸ್ತರು ಲೆನ್ಸಿಗೆ ಅಂಗೈ ಅಡ್ಡ ಹಿಡಿದಿದ್ದರು. ಬೆರಳ ಸಂದಿಯಲ್ಲಿ ಕೆಂಪು ಬೆಳಕು. ರೀಲು ಮುಗಿಯುವ ತನಕ ಅವರು ಕೈ ತೆಗೆಯಲಿಲ್ಲ.

ಹೊರಗೆ ಬಂದು ಜಗಳಕ್ಕೇ ನಿಂತೆ. "ನಮ್ಮ ಪಿಚ್ಚರ ಅಂದಿದ್ರಿ. ನೀವ ಮುಚ್ಚಿಬಿಟ್ರಲ್ರಿ?"

"ಪಿಚ್ಚರ ನಿಂದವಾ. ಮಾರಿ ಆಕೀದು. ಆಕಿ ತೋರ್ಸು ಅನ್ನೋತನಕ ನಾ ಕಾಯ್ತೀನಿ."

ಮರುದಿನದಿಂದ ನಾನು ಕಲಿಯಲು ಹೋಗಲಿಲ್ಲ. ಸಂಸ್ಥೆಯವರೂ ಒಂದು ದಿನ ಗಂಟುಮೂಟೆ ಕಟ್ಟಿದರು.

ಅಜ್ಜ ಸತ್ತು ಬಹಳ ವರ್ಷಗಳ ಮೇಲೆ, ಹಾಸಿಗೆ ಹಿಡಿದಿದ್ದ ಯಾಡಿ ಒಮ್ಮೆ ಕೇಳಿದಳು, ಆ ಪಿಚ್ಚರದಲ್ಲಿ ತಾನು ಹೇಗೆ ಕಾಣುತ್ತಿದ್ದೆ ಎಂದು. ಅದನ್ನು ಈಗ ನೋಡಬಹುದಲ್ಲ ಎಂದೂ ಅಂದಳು. ಶಹಾಬಾದವೇನು ದೂರವೇ? ಮೊದಲು ಹಟ, ಆಮೇಲೆ ಸಂಸಾರ, ಆಮೇಲೆ ಸುಸ್ತು... ನಾನು ಹೋಗಲಿಲ್ಲ. ಯಾಡಿಯೇ ಹೋಗಿಬಿಟ್ಟಳು.

ಡಬ್ಬಿಯ ಮುಚ್ಚಳದ ಒಳಗೆ ಮಾಸ್ತರ ಕೈಬರಹದ ಚೀಟಿಯಿದೆ: 'ತಾಯಿ ಕೇಳಿದರೆ ಕೊಡುವುದು.' ಫಿಲ್ಮಿನ ಸುತ್ತುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿವೆ. ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಯಾರ ಮುಂದೆ ಆಕೆ ಮುಸುಕು ಎಳೆದುಕೊಳ್ಳಬೇಕಿತ್ತೋ ಆ ಹಿರಿಯರು ಈಗ ಒಬ್ಬರೂ ಉಳಿದಿಲ್ಲ. ಆಕೆ ಕೇಳಿದ್ದಳು, ಅವರು ಕಾದಿದ್ದರು. ನಡುವೆ ಹೋಗಿ ಹೇಳಬೇಕಾದವಳು ನಾನೊಬ್ಬಳೇ ಇದ್ದೆ.